ಪೆಡಲ್ ನೆಲ ಮುಟ್ಟಿದಾಗ: ಆಗುಂಬೆ ಘಾಟಿಯ ಒಂದು ಬ್ರೇಕ್ ಪ್ರಕರಣ

ಮೇ ತಿಂಗಳ ಕೊನೆಯ ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಹೆಬ್ರಿಯ ನಮ್ಮ ಗ್ಯಾರೇಜಿನ ಮುಂದೆ ಒಂದು ಬಿಳಿ ಕಾರು ನಡೆದುಕೊಂಡು ಹೋಗುವವರ ವೇಗದಲ್ಲಿ ಬಂದು ನಿಂತಿತು. ಓಡಿಸುತ್ತಿದ್ದವರು ತೀರ್ಥಹಳ್ಳಿ ಕಡೆಯ ಶಾಲಾ ಮೇಷ್ಟ್ರು. ಅವರ ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಕಾರಿನಿಂದ ಇಳಿದವರು ಮಾತೇ ಆಡದೆ ನೆರಳಿಗೆ ಹೋಗಿ ಕೂತರು. ಕಾರಿನ ಎಡಗಡೆ ಬಾಗಿಲಿಗೆ ಉದ್ದಕ್ಕೂ ಮಣ್ಣು ಉಜ್ಜಿತ್ತು.

"ಬ್ರೇಕ್ ಫೇಲ್ ಆಯ್ತು ಮಾರಾಯ್ರೆ. ಘಾಟಿ ಮಧ್ಯದಲ್ಲಿ. ಮಕ್ಕಳು ಮರಿ ಎಲ್ಲ ಒಳಗಿದ್ರು" ಎಂದರು. ಕೀ ಕೊಡುವಾಗ ಕೈ ನಡುಗುತ್ತಿತ್ತು.

ನೀರು ಕೊಟ್ಟು ಕೂರಿಸಿ ನಾನು ಕೇಳಿದ ಮೊದಲ ಪ್ರಶ್ನೆ: "ಪೆಡಲ್ ಕಾಲಿಗೆ ಹೇಗೆ ಸಿಕ್ತು ಮೇಷ್ಟ್ರೆ? ಗಟ್ಟಿ ಇತ್ತಾ, ಮೆತ್ತಗೆ ಒಳಗೆ ಹೋಯ್ತಾ?"

ಈ ಪ್ರಕರಣವನ್ನು ಬರೆದಿಡಲು ಕಾರಣವೇ ಆ ಪ್ರಶ್ನೆ. "ಬ್ರೇಕ್ ಫೇಲ್" ಎಂಬುದು "ಜ್ವರ" ಎಂದ ಹಾಗೆ. ಜ್ವರ ಕಾಯಿಲೆಯ ಹೆಸರಲ್ಲ, ಕಾಯಿಲೆ ಇದೆ ಎಂಬುದರ ಗುರುತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಒಂದು ಕಥೆ. ಪೆಡಲ್ ಸ್ಪಂಜಿನಂತೆ ಒಳಗೆ ಹೋದರೆ ಇನ್ನೊಂದು. ಒತ್ತಿ ಹಿಡಿದಿದ್ದಂತೆ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮತ್ತೊಂದು. ಮೂರಕ್ಕೂ ಕೆಟ್ಟಿರುವ ಭಾಗ ಬೇರೆ, ಖರ್ಚು ಬೇರೆ. ಮೂರನ್ನೂ ಒಂದೇ ಪದದಲ್ಲಿ ಹೇಳಿದರೆ ಮೆಕ್ಯಾನಿಕ್ ಅಂದಾಜಿಗೆ ಒಂದು ಪಾರ್ಟ್ ಬದಲಿಸುತ್ತಾನೆ. ಗಾಡಿಯವರು ದುಡ್ಡು ಕೊಟ್ಟು, ಅದೇ ಕಾಯಿಲೆಯೊಂದಿಗೆ ಮನೆಗೆ ಹೋಗುತ್ತಾರೆ.

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಮೆತ್ತಗೆ. ಗಾಳಿ ತುಂಬಿದ ಚೀಲ ತುಳಿದ ಹಾಗೆ. ಸೀದಾ ನೆಲಕ್ಕೆ ಹೋಯ್ತು."

ನಡೆದದ್ದು

ಅವರಿಂದ ಬಿಡಿಬಿಡಿಯಾಗಿ ಕೇಳಿ ತಿಳಿದದ್ದನ್ನು ಜೋಡಿಸಿದರೆ ಹೀಗೆ. ಕಾರು 2014ರದು, ಸಣ್ಣ ಪೆಟ್ರೋಲ್ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಐದು ಜನ, ಡಿಕ್ಕಿ ತುಂಬಾ ಸಾಮಾನು. ಆಗುಂಬೆಯಿಂದ ಇಳಿಯಲು ಶುರುಮಾಡಿದ್ದು ಮೂರನೇ ಗೇರಿನಲ್ಲಿ. ನೆಟ್ಟಗಿನ ಕಡೆಗಳಲ್ಲಿ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್. ವೇಗ ಹೆಚ್ಚದಂತೆ ಬ್ರೇಕ್ ಮೇಲೆ ಕಾಲು ಇಟ್ಟೇ ಇದ್ದರು. ಅವರು ಕಾರು ಕಲಿತದ್ದು ದಾವಣಗೆರೆಯ ಬಯಲಿನಲ್ಲಿ. ಘಾಟಿ ಇಳಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಟೊಂಬತ್ತು ತಿರುವು ಇಳಿದ ಮೇಲೆ ಸುಟ್ಟ ವಾಸನೆ ಬಂತು. ಯಾರೋ ಹೊರಗೆ ಕಸ ಸುಡುತ್ತಿದ್ದಾರೆ ಎಂದುಕೊಂಡರು. ಅಷ್ಟರಲ್ಲಿ ಚಿಕ್ಕ ಮಗಳಿಗೆ ವಾಂತಿ. ಬದಿಗೆ ಹಾಕಿ ನಿಲ್ಲಿಸಿದರು. ಆಗ ಬ್ರೇಕ್ ಹಿಡಿಯಿತು! ಐದಾರು ನಿಮಿಷ ನಿಂತರು. ಮತ್ತೆ ಹೊರಟು ಮುಂದಿನ ತಿರುವಿನಲ್ಲಿ ತುಳಿದರೆ ಪೆಡಲ್ ನೆಲ ಮುಟ್ಟಿತು.

ಅವರು ಮಾಡಿದ ಮೂರು ಕೆಲಸ ಐದು ಜೀವ ಉಳಿಸಿತು. ಪೆಡಲನ್ನು ಪಟಪಟ ಪಂಪ್ ಮಾಡಿದರು, ಸ್ವಲ್ಪ ಹಿಡಿತ ಬಂತು. ಹ್ಯಾಂಡ್ ಬ್ರೇಕ್ ಎಳೆದರು. ಮೂರರಿಂದ ಎರಡಕ್ಕೆ, ಒಂದಕ್ಕೆ ಗೇರ್ ಇಳಿಸಿದರು. ಕೊನೆಗೆ ಗುಡ್ಡದ ಬದಿಯ ಮಣ್ಣಿಗೆ ಬಾಗಿಲು ಉಜ್ಜಿ ಕಾರು ನಿಂತಿತು. ಮುಂದಿನ ಚಕ್ರದಿಂದ ಹೊಗೆ ಬರುವುದನ್ನು ಕಂಡು ಹಿಂದೆ ಬಂದ ಗಾಡಿಯವರೊಬ್ಬರು ಬಾಟಲಿ ನೀರು ಸುರಿದರು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೆ! ಅದೇ ಧೈರ್ಯದಲ್ಲಿ ಒಂದನೇ ಗೇರಿನಲ್ಲಿ ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿದು, ನಮ್ಮಲ್ಲಿಗೆ ಬಂದರು. ಬರಬಾರದಿತ್ತು. ಅಲ್ಲೇ ನಿಂತು ಫೋನ್ ಮಾಡಬೇಕಿತ್ತು.

ಈ ಇಡೀ ಹೇಳಿಕೆಯಲ್ಲಿ ನನ್ನ ಕಿವಿ ಹಿಡಿದ ಮಾತು ಒಂದೇ: ನಿಲ್ಲಿಸುವಾಗ ಹಿಡಿದ ಬ್ರೇಕ್, ಐದು ನಿಮಿಷ ನಿಂತು ಹೊರಟ ಮೇಲೆ ಹಿಡಿಯಲಿಲ್ಲ. ರೋಗ ಅಲ್ಲೇ ಅರ್ಧ ಗೊತ್ತಾಗಿತ್ತು.

ಕಾಲಿನಿಂದ ಚಕ್ರದವರೆಗೆ

ಬ್ರೇಕ್ ಪೆಡಲ್ ತುಳಿದಾಗ ಅದರ ಹಿಂದಿನ ಸಲಾಕೆ ಮೊದಲು ಬೂಸ್ಟರ್ ಎಂಬ ದುಂಡನೆಯ ತಗಡಿನ ಡಬ್ಬಿಯನ್ನು ಒತ್ತುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ಬಳಸಿ ಈ ಡಬ್ಬಿ ಕಾಲಿನ ಬಲವನ್ನು ಹಿಗ್ಗಿಸುತ್ತದೆ. ಎಂಜಿನ್ ಆಫ್ ಆದರೆ ಎರಡು ಮೂರು ಸಲ ತುಳಿಯುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಮರದ ಕೊರಡಿನ ಹಾಗೆ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವವರು ಕಳೆದುಕೊಳ್ಳುವುದು ಇದನ್ನೇ.

ಬೂಸ್ಟರಿನ ಮುಂದೆ ಮಾಸ್ಟರ್ ಸಿಲಿಂಡರ್. ಅದರ ತಲೆಯ ಮೇಲೆ ಬ್ರೇಕ್ ಆಯಿಲಿನ ಪ್ಲಾಸ್ಟಿಕ್ ಡಬ್ಬ. ಮಾಸ್ಟರ್ ಒಳಗಿನ ಪಿಸ್ಟನ್ ಆಯಿಲನ್ನು ಸಣ್ಣ ಪೈಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒತ್ತುತ್ತದೆ. ಮಾಸ್ಟರಿನ ಒಳ ಅಗಲ 20 ಮಿಲಿಮೀಟರ್, ಮುಂದಿನ ಚಕ್ರದ ಕ್ಯಾಲಿಪರ್ ಪಿಸ್ಟನ್ 50 ಮಿಲಿಮೀಟರ್ ಎಂದಿಟ್ಟುಕೊಂಡರೆ ಬಲ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಒಂದೂಕಾಲು ಟನ್ ತೂಕದ ಗಾಡಿಯನ್ನು ಮನುಷ್ಯನ ಪಾದ ನಿಲ್ಲಿಸುವುದು ಹೀಗೆ. ಕ್ಯಾಲಿಪರ್ ಎಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಹಿಡಿಯುವ ಇಕ್ಕಳ. ಹಿಂದಿನ ಚಕ್ರದಲ್ಲಿ ಇಕ್ಕಳದ ಬದಲು ಡ್ರಮ್ ಇದೆ. ಅದರೊಳಗೆ ವೀಲ್ ಸಿಲಿಂಡರ್ ಎರಡು ಲೈನರುಗಳನ್ನು ಹೊರಕ್ಕೆ, ಡ್ರಮ್ಮಿನ ಒಳಮೈಗೆ ತಳ್ಳುತ್ತದೆ.

ಈ ಎಲ್ಲದಕ್ಕೂ ಆಧಾರ ಒಂದೇ ಗುಣ: ದ್ರವ ಅಮುಕಿದರೆ ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ, ಆವಿಯೂ ಕುಗ್ಗುತ್ತದೆ. ಬ್ರೇಕ್ ಬಿಟ್ಟಾಗ ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಅಂತರ ಮಿಲಿಮೀಟರಿಗಿಂತ ಕಡಿಮೆ. ಅಷ್ಟಕ್ಕೆ ಬೇಕಾಗುವ ಆಯಿಲ್ ಅತ್ಯಲ್ಪ. ಹಾಗಾಗಿ ಪೈಪಿನಲ್ಲಿ ಕೊಂಚ ಆವಿ ಸೇರಿದರೂ ಪೆಡಲಿನ ಇಡೀ ಓಟ ಆ ಆವಿಯನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ. ಪ್ಯಾಡಿಗೆ ಬಲ ತಲುಪುವುದೇ ಇಲ್ಲ.

"ಬ್ರೇಕ್ ಆಯಿಲ್" ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಗ್ಯಾರೇಜಿನಲ್ಲಿ ನಾವೆಲ್ಲ ಹಾಗೇ ಕರೆಯುತ್ತೇವೆ, ನಾನೂ ಇಲ್ಲಿ ಹಾಗೇ ಬರೆಯುತ್ತಿದ್ದೇನೆ. ಆದರೆ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಹೆಸರು ನಂಬಿ ಡಬ್ಬಕ್ಕೆ ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಹೊಯ್ದವರಿದ್ದಾರೆ. ಅದು ತಾಗಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಮಾಸ್ಟರಿನಿಂದ ವೀಲ್ ಸಿಲಿಂಡರ್ ತನಕ ಎಲ್ಲ ಬಿಚ್ಚಬೇಕಾಗುತ್ತದೆ.

ಈ ದ್ರವದ ಇನ್ನೊಂದು ಗುಣ, ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವ ಹೀರಿಕೊಳ್ಳುವುದು. ರಬ್ಬರ್ ಹೋಸಿನ ಮೂಲಕ, ಡಬ್ಬದ ಮುಚ್ಚಳದ ಮೂಲಕ ವರ್ಷಗಟ್ಟಲೆ ಅಷ್ಟಷ್ಟೇ ನೀರು ಸೇರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿದ ಮೇಲೆ ಅದೇ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸತು 230, ತೇವ ಕುಡಿದದ್ದು 155. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ನಾಡು ನಮ್ಮದು. ಗೋಡೆಗೇ ಪಾಚಿ ಹಿಡಿಯುವಲ್ಲಿ ಬ್ರೇಕ್ ಆಯಿಲ್ ಒಣಗಿ ಇರಲು ಹೇಗೆ ಸಾಧ್ಯ?

ಗ್ಯಾರೇಜಿನಲ್ಲಿ ನೋಡಿದ್ದು

ನನ್ನ ಜೊತೆ ಕೆಲಸ ಮಾಡುವ ಹುಡುಗ ಪೆಡಲ್ ನೆಲಕ್ಕೆ ಹೋಯಿತು ಎಂದು ಕೇಳಿದ ಕೂಡಲೇ "ಮಾಸ್ಟರ್ ಹೋಗಿದೆ, ಸೀಲ್ ಕಿಟ್ ಹಾಕ್ಬೇಕು ಅಣ್ಣ" ಎಂದ. ಮೇಷ್ಟ್ರ ಭಾವನೂ ಫೋನಿನಲ್ಲಿ ಅದನ್ನೇ ಹೇಳಿದ್ದರಂತೆ. ತಪ್ಪು ಊಹೆಯೇನಲ್ಲ, ಮಾಸ್ಟರ್ ಒಳಗಿನ ಸೀಲು ಸವೆದರೂ ಪೆಡಲ್ ಕೆಳಗೆ ಹೋಗುತ್ತದೆ. ಆದರೆ ಪರೀಕ್ಷೆ ಮಾಡದೆ ಬಿಚ್ಚಬಾರದು.

ಎಂಜಿನ್ ಸ್ಟಾರ್ಟ್ ಮಾಡಿ ಹುಡುಗನಿಂದ ಪೆಡಲ್ ಗಟ್ಟಿಯಾಗಿ ಒತ್ತಿಸಿ ಒಂದು ನಿಮಿಷ ಹಿಡಿಸಿದೆ. ಸೀಲು ಸೋತಿದ್ದರೆ ಪೆಡಲ್ ಕಾಲಿನಡಿ ನಿಧಾನವಾಗಿ ಇಳಿಯಬೇಕು. ಇಳಿಯಲಿಲ್ಲ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿಸಿ ಗಟ್ಟಿ ಮಾಡಿಸಿ, ಒತ್ತಿ ಹಿಡಿದಿದ್ದಂತೆಯೇ ಸ್ಟಾರ್ಟ್ ಮಾಡಿಸಿದೆ. ಪೆಡಲ್ ಒಂದಿಷ್ಟು ಕೆಳಗಿಳಿಯಿತು, ಅಂದರೆ ಬೂಸ್ಟರ್ ಸರಿಯಿದೆ. ನಾಲ್ಕು ಚಕ್ರದ ಒಳಬದಿಯೂ ಒಣಗಿತ್ತು, ಸೋರಿಕೆ ಇಲ್ಲ. ಡಬ್ಬದಲ್ಲಿ ಆಯಿಲ್ ಗೆರೆಯವರೆಗೆ ಇತ್ತು. ನೋಡಲು ತಿಳಿ ಜೇನಿನ ಬಣ್ಣ, ಹೊಸದರಂತೆ.

"ಹೋದ ತಿಂಗಳಷ್ಟೇ ಬ್ರೇಕ್ ಸರ್ವಿಸ್ ಮಾಡಿಸಿದ್ದೆ" ಎಂದು ಮೇಷ್ಟ್ರು ಬಿಲ್ ತೋರಿಸಿದರು. ಬೇರೆ ಊರಿನ ಗ್ಯಾರೇಜ್. "ಬ್ರೇಕ್ ಸರ್ವಿಸ್, ಪ್ಯಾಡ್, ಆಯಿಲ್" ಎಂದು ಒಂದು ಸಾಲು, ಮುಂದೆ ಒಟ್ಟು ಮೊತ್ತ.

ಮುಂದಿನ ಎಡ ಚಕ್ರ ಬಿಚ್ಚಿದೆ. ಡಿಸ್ಕಿನ ಮೇಲೆ ನೀಲಿ ಕಲೆಗಳು. ಕಬ್ಬಿಣ ಮಿತಿಮೀರಿ ಕಾದದ್ದರ ಗುರುತು ಅದು. ಒಂದೇ ತಿಂಗಳ ಹಿಂದಿನ ಪ್ಯಾಡುಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ಎದ್ದು ಕಾಣುವಷ್ಟು ತೆಳ್ಳಗಾಗಿತ್ತು. ಎರಡರ ಮೈಯೂ ಗಾಜಿನ ಹಾಗೆ ನುಣುಪಾಗಿತ್ತು. ಈ ಕಾರಿನ ಕ್ಯಾಲಿಪರಿಗೆ ಪಿಸ್ಟನ್ ಒಂದೇ ಬದಿಗೆ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್ ಜಾಮ್ ಆಗಿತ್ತು. ಕೆಲಸವೆಲ್ಲ ಒಳಗಿನ ಪ್ಯಾಡಿನ ತಲೆಗೆ ಬಿದ್ದಿತ್ತು. ಜೊತೆಗೆ ಬ್ರೇಕ್ ಬಿಟ್ಟ ಮೇಲೂ ಅದು ಪೂರ್ತಿ ಹಿಂದೆ ಸರಿಯದೆ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಪ್ಯಾಡ್ ಹಾಕಿದವರು ಪಿನ್ ಬಿಚ್ಚಿ ತಿಕ್ಕಿ ಗ್ರೀಸ್ ಹಚ್ಚಿರಲಿಲ್ಲ.

ಆಮೇಲೆ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡಿಂಗ್ ನಿಪ್ಪಲಿಗೆ ಟ್ಯೂಬ್ ಸಿಕ್ಕಿಸಿ ಸಡಿಲಿಸಿ, ಆಯಿಲನ್ನು ಗಾಜಿನ ಲೋಟಕ್ಕೆ ಬಿಟ್ಟೆ. ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ.

ಮೇಲೆ ಜೇನು, ಕೆಳಗೆ ಡಿಕಾಕ್ಷನ್. ಎರಡನ್ನೂ ಪಕ್ಕ ಪಕ್ಕ ಇಟ್ಟು ಮೇಷ್ಟ್ರನ್ನು ಕರೆದೆ. ಎಂಜಿನ್ ಆಯಿಲ್ ಎಂಜಿನ್ ತುಂಬಾ ಸುತ್ತುತ್ತದೆ, ಕೂಲೆಂಟ್ ರೇಡಿಯೇಟರಿಗೆ ಹೋಗಿ ಬರುತ್ತದೆ. ಬ್ರೇಕ್ ಆಯಿಲ್ ಸುತ್ತುವುದಿಲ್ಲ. ತುಳಿದಾಗ ಒಂದಿಷ್ಟು ಮುಂದೆ ಹೋಗಿ, ಬಿಟ್ಟಾಗ ಹಿಂದೆ ಬರುತ್ತದೆ, ಅಷ್ಟೇ. ಡಬ್ಬಕ್ಕೆ ಹೊಸತು ಸುರಿದರೆ ಅದು ಡಬ್ಬದಲ್ಲೇ ಉಳಿಯುತ್ತದೆ. ಬೆಂಕಿಯ ಪಕ್ಕದಲ್ಲಿ ಕೆಲಸ ಮಾಡುವ ಕ್ಯಾಲಿಪರಿನೊಳಗೆ ಹಳೆಯದೇ ಕೂತಿರುತ್ತದೆ. ನೀರಿನ ಅಂಶ ನೋಡುವ ಪೆನ್ ಟೆಸ್ಟರನ್ನು ಡಬ್ಬದಲ್ಲಿ ಅದ್ದಿದರೆ ಹಳದಿ ದೀಪ, ಲೋಟದಲ್ಲಿ ಅದ್ದಿದರೆ ಕೆಂಪು.

ಬಿಲ್ಲಿನಲ್ಲಿದ್ದ "ಆಯಿಲ್" ಎಂಬ ಪದದ ಅರ್ಥ ಆಗ ಗೊತ್ತಾಯಿತು. ತುಂಬಿಸಿದ್ದರು, ಬದಲಿಸಿರಲಿಲ್ಲ. ಕಾರು ಕೊಂಡ ದಿನದಿಂದಲೂ ಬದಲಿಸಿದ ನೆನಪು ಮೇಷ್ಟ್ರಿಗೂ ಇರಲಿಲ್ಲ. ಯಾರೂ ಕೇಳಿಯೇ ಇರಲಿಲ್ಲವಂತೆ.

ತುಂಬಿಸುವುದರಲ್ಲಿ ಇನ್ನೊಂದು ಮೋಸವೂ ಇದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಆಯಿಲ್ ತುಂಬಿಕೊಳ್ಳುತ್ತದೆ, ಡಬ್ಬದ ಮಟ್ಟ ಇಳಿಯುತ್ತದೆ. ಇಳಿದ ಮಟ್ಟವೇ ಪ್ಯಾಡ್ ನೋಡಿ ಎಂಬ ಸೂಚನೆ. ಕಾರಣ ಹುಡುಕದೆ ಮೇಲಿಂದ ತುಂಬಿಸಿದರೆ ಆ ಸೂಚನೆಯನ್ನೇ ಅಳಿಸಿದ ಹಾಗೆ. ಮೀಟರಿನಲ್ಲಿ ಬರುವ ಕೆಂಪು ಬ್ರೇಕ್ ದೀಪವೂ ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಅಥವಾ ಡಬ್ಬದ ಮಟ್ಟ ಇಳಿದರೆ ಹತ್ತುತ್ತದೆ. ಆಯಿಲ್ ಕುದಿದರೆ ಹತ್ತುವುದಿಲ್ಲ. ಮೇಷ್ಟ್ರಿಗೆ ಒಂದು ದೀಪವೂ ಕಾಣದೆ ಇದ್ದದ್ದು ಅದಕ್ಕೇ.

ಒಂದು ಹಂಡೆ ನೀರಿನ ಲೆಕ್ಕ

ಆಗುಂಬೆಯ ನೆತ್ತಿಯಿಂದ ಬುಡಕ್ಕೆ ಇಳಿಯುವ ಎತ್ತರ ಸುಮಾರು 500 ಮೀಟರ್. ಜನ, ಸಾಮಾನು ಸೇರಿ ಕಾರು 1,300 ಕಿಲೋ ಎಂದುಕೊಳ್ಳೋಣ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿ 64 ಲಕ್ಷ ಜೂಲ್ ಹತ್ತಿರ. ಮನೆಭಾಷೆಯಲ್ಲಿ ಹೇಳಿದರೆ, ಬಚ್ಚಲ ಹಂಡೆಯ 20 ಲೀಟರ್ ತಣ್ಣೀರಿಗೆ ಕುದಿ ಬರಿಸುವಷ್ಟು ಬಿಸಿ. 80ರ ವೇಗದ ಕಾರನ್ನು ಒಂದರ ಹಿಂದೊಂದರಂತೆ 20 ಸಲ ನಿಲ್ಲಿಸಿದಷ್ಟು. ಟೈರು, ಗಾಳಿ ಒಂದಷ್ಟು ತಿನ್ನುತ್ತವೆ. ಉಳಿದದ್ದು ಒಂದೋ ಬ್ರೇಕಿಗೆ ಹೋಗಬೇಕು, ಇಲ್ಲವೇ ಎಂಜಿನ್ನಿಗೆ.

ಎಂಜಿನ್ನಿಗೆ ಕೊಡುವುದೆಂದರೆ ಗೇರಿನಲ್ಲಿ ಇಳಿಸುವುದು. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿದ್ದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಗಾಳಿಯ ಬಾಗಿಲು ಆಗ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್ನುಗಳು ಬಾಯಿ ಮುಚ್ಚಿದ ಬಾಟಲಿಯಿಂದ ಗಾಳಿ ಹೀರಿದ ಹಾಗೆ ಒದ್ದಾಡುತ್ತವೆ. ಆ ಒದ್ದಾಟ, ಒಳಗಿನ ತಿಕ್ಕಾಟ ಎರಡೂ ಸೇರಿ ಕಾರನ್ನು ಹಿಡಿದಿಡುತ್ತವೆ. ಗೇರ್ ಕಡಿಮೆಯಾದಷ್ಟೂ ಹಿಡಿತ ಹೆಚ್ಚು. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂದು ಹಳೇ ಡ್ರೈವರುಗಳು ಹೇಳುವ ಮಾತು ಘಾಟಿಗೆ ಸರಿಯಾದ ಲೆಕ್ಕ. ಆಗುಂಬೆಯಲ್ಲಿ ದಿನವೂ ಓಡುವ ಮಿನಿ ಬಸ್ಸುಗಳ ಸದ್ದು ಕೇಳಿ. ಇಳಿಯುವಾಗಲೂ ಎಂಜಿನ್ ಗುಂಯ್‌ಗುಡುತ್ತಿರುತ್ತದೆ.

ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬುರೇಟರ್ ಕಾಲದ ನಂಬಿಕೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನಷ್ಟಕ್ಕೆ ತಿರುಗಲು ಪೆಟ್ರೋಲ್ ಕುಡಿಯುತ್ತದೆ. ಉಳಿಸಲು ಹೋಗಿ ಕಳೆದುಕೊಳ್ಳುವುದು, ಬ್ರೇಕನ್ನು ಒಂಟಿ ಮಾಡುವುದು ಎರಡೂ ಒಟ್ಟಿಗೆ ಆಗುತ್ತದೆ.

ಮೇಷ್ಟ್ರ ಕಾರಿನಲ್ಲಿ ಹಂಡೆಯ ಬಿಸಿಯ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೆ, ಅದರಲ್ಲೂ ಪಿನ್ ಜಾಮ್ ಆದ ಎಡ ಡಿಸ್ಕಿಗೆ ಹೋಯಿತು. ಓಡುತ್ತಿದ್ದಷ್ಟು ಹೊತ್ತು ಗಾಳಿ ಬೀಸಿ ಒಂದಿಷ್ಟು ತಣಿಸುತ್ತಿತ್ತು. ಮಗುವಿಗೆಂದು ನಿಲ್ಲಿಸಿದಾಗ ಗಾಳಿ ನಿಂತಿತು. ಕಾದ ಡಿಸ್ಕಿನ ಬಿಸಿ ಪ್ಯಾಡ್ ದಾಟಿ, ಪಿಸ್ಟನ್ ದಾಟಿ, ಹಿಂದಿನ ಆಯಿಲಿಗೆ ಇಳಿಯಿತು. ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ದೋಸೆ ಕರಿಯಾಗುತ್ತದಲ್ಲ, ಹಾಗೆ. ತೇವ ಕುಡಿದ ಆಯಿಲ್ ಆ ಐದು ನಿಮಿಷದಲ್ಲಿ ಕುದಿಯಿತು. ಒಂದು ಹನಿ ನೀರು ಆವಿಯಾದರೆ ಗಾತ್ರ ಸಾವಿರ ಪಟ್ಟು ಮೀರುತ್ತದೆ. ಪೆಡಲ್ ಬಿಟ್ಟಿದ್ದರಿಂದ ಆ ಆವಿ ಆಯಿಲನ್ನು ಡಬ್ಬಕ್ಕೆ ಹಿಂದೆ ತಳ್ಳಿ ತಾನು ಜಾಗ ಮಾಡಿಕೊಂಡಿತು. ಮುಂದಿನ ತಿರುವಿನಲ್ಲಿ ಮೇಷ್ಟ್ರು ತುಳಿದದ್ದು ಆವಿಯನ್ನು. ತಣಿದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಮೇಲೆ ಬಂತು. ಮಾಸ್ಟರ್ ಕೆಟ್ಟಿದ್ದರೆ ಮುಕ್ಕಾಲು ಗಂಟೆಯಲ್ಲಿ ತಾನಾಗಿ ಸರಿಯಾಗುತ್ತಿರಲಿಲ್ಲ.

ಹ್ಯಾಂಡ್ ಬ್ರೇಕ್ ಏಕೆ ಹಿಡಿಯಿತು ಎಂದು ಮೇಷ್ಟ್ರು ಕೇಳಿದರು. ಅದು ಆಯಿಲನ್ನು ನಂಬಿಲ್ಲ. ಲಿವರಿನಿಂದ ಹಿಂದಿನ ಡ್ರಮ್ಮಿಗೆ ಉಕ್ಕಿನ ಕೇಬಲ್ ಹೋಗಿ ಲೈನರನ್ನು ನೇರವಾಗಿ ಎಳೆಯುತ್ತದೆ. ಆದರೆ ಒಮ್ಮೆಲೇ ಪೂರ್ತಿ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರಿನ ಬಾಲ ತಿರುಗಬಹುದು. ಲಿವರಿನ ತುದಿಯ ಬಟನ್ ಒತ್ತಿ ಹಿಡಿದುಕೊಂಡೇ ಎಳೆಯುತ್ತಾ, ಬಿಡುತ್ತಾ ಹೋಗಬೇಕು. ಅವರು ಗಾಬರಿಯಲ್ಲೂ ಹೆಚ್ಚುಕಡಿಮೆ ಹಾಗೇ ಮಾಡಿದ್ದರು.

ಯಾವುದಕ್ಕೆ ಎಷ್ಟು ಪಾಲು

ಮೂರು ತಪ್ಪು ಒಂದೇ ದಿನ ಕೂಡಿದವು: ಬದಲಿಸದ ಆಯಿಲ್, ಜಾಮ್ ಆದ ಪಿನ್, ಮೂರನೇ ಗೇರ್. ನನ್ನನ್ನು ಕೇಳಿದರೆ ಗೇರಿನ ಪಾಲೇ ದೊಡ್ಡದು. ಎರಡನೇ ಗೇರಿನಲ್ಲಿ ಇಳಿದಿದ್ದರೆ ಅದೇ ಹಳೇ ಆಯಿಲ್, ಅದೇ ಪಿನ್ನಿನಲ್ಲೂ ಅವರು ಬಹುಶಃ ವಾಸನೆಯೂ ಬಾರದೆ ಸೋಮೇಶ್ವರ ಸೇರುತ್ತಿದ್ದರು. ಆದರೆ ಗ್ಯಾರೇಜಿನವರಿಗೆ ಇದು ನೆಪವಾಗಬಾರದು. ಗಾಡಿ ಓಡಿಸುವವರು ಒಂದು ತಪ್ಪು ಮಾಡುತ್ತಾರೆ ಎಂದೇ ತಿಳಿದು ನಾವು ಕೆಲಸ ಮಾಡಬೇಕು. ಡಬ್ಬಕ್ಕೆ ಹೊಸ ಆಯಿಲ್ ಸುರಿದು ಬಣ್ಣ ಚೆನ್ನಾಗಿ ಕಾಣಿಸಿದ್ದು ಏನೂ ಮಾಡದೆ ಬಿಟ್ಟದ್ದಕ್ಕಿಂತ ಕೆಟ್ಟದ್ದು. ಹಾಗೇ ಬಿಟ್ಟಿದ್ದರೆ ಯಾರಾದರೂ ಕಪ್ಪು ಬಣ್ಣ ನೋಡಿ ಕೇಳುತ್ತಿದ್ದರು.

ಮಾಡಿದ ಕೆಲಸ ಇಷ್ಟು. ಡಬ್ಬದ ಮುಚ್ಚಳದಲ್ಲಿ ಬರೆದಿದ್ದಂತೆ ಡಾಟ್ 4 ತಂದು, ನಾಲ್ಕೂ ಚಕ್ರದ ನಿಪ್ಪಲಿನಲ್ಲಿ ಜೇನಿನ ಬಣ್ಣ ಬರುವ ತನಕ ಹಳೆಯದನ್ನು ಹೊರಗೆ ತಳ್ಳಿದೆವು. ಎರಡೂ ಕ್ಯಾಲಿಪರಿನ ಪಿನ್ ಬಿಚ್ಚಿ, ತಿಕ್ಕಿ, ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಹಚ್ಚಿದೆವು. ಪ್ಯಾಡ್ ಎರಡೂ ಬದಿಗೆ ಹೊಸತು. ಮಾಸ್ಟರನ್ನು ಮುಟ್ಟಲಿಲ್ಲ. ಓಡಿಸಿ ನೋಡಿದಾಗ ಪೆಡಲಿನಲ್ಲಿ ಸಣ್ಣ ನಡುಕ ಇತ್ತು. ಕೆಂಪಗೆ ಕಾದ ಡಿಸ್ಕಿಗೆ ತಣ್ಣೀರು ಹೊಯ್ದರೆ ಅದು ಸೊಟ್ಟಗಾಗುವುದುಂಟು. ಡಿಸ್ಕಿನ ನೀಲಿ ಕಲೆಯೂ ಇತ್ತಲ್ಲ, ಎರಡೂ ಡಿಸ್ಕ್ ಬದಲಿಸಿದೆವು. ಕಾದ ಚಕ್ರಕ್ಕೆ ನೀರು ಹೊಯ್ಯಬೇಡಿ, ಅದರಷ್ಟಕ್ಕೆ ತಣಿಯಲು ಬಿಡಿ ಎಂದು ಇಳಿಜಾರಿನ ಅಂಗಡಿಯವರಿಗೆಲ್ಲ ಹೇಳಬೇಕೆನಿಸುತ್ತದೆ.

ಎಂಟು ದಿನ ಬಿಟ್ಟು ಅದೇ ಕಾರಿನಲ್ಲಿ, ಅದೇ ಐವರ ಬದಲು ನಾವು ನಾಲ್ವರು ಆಗುಂಬೆಗೆ ಹತ್ತಿ ಇಳಿದೆವು. ಮೇಷ್ಟ್ರೇ ಓಡಿಸಿದರು, ಪಕ್ಕದಲ್ಲಿ ನಾನು. ಎರಡನೇ ಗೇರ್, ಕಡಿದಾದ ತಿರುವಿಗೆ ಒಂದನೇ ಗೇರ್. ಬ್ರೇಕ್ ತಿರುವಿಗೆ ಮೊದಲು ಗಟ್ಟಿಯಾಗಿ ಒಮ್ಮೆ, ಆಮೇಲೆ ಪೂರ್ತಿ ಬಿಡುವುದು. ಹಿಂದೆ ಕೂತಿದ್ದ ಅವರ ಮನೆಯವರು ಪ್ರತಿ ತಿರುವಿಗೂ "ಈಗ ಎಷ್ಟನೇ ಗೇರು?" ಎಂದು ಕೇಳುತ್ತಿದ್ದರು. ಮಗಳಿಗೆ ವಾಂತಿಯಾಗಿದ್ದ ಜಾಗದಲ್ಲೇ ಬೇಕೆಂದು ನಿಲ್ಲಿಸಿ, ಐದು ನಿಮಿಷ ಕಾದು ಹೊರಟೆವು. ಪೆಡಲ್ ಇದ್ದ ಎತ್ತರದಲ್ಲೇ ಇತ್ತು. ಸೋಮೇಶ್ವರದಲ್ಲಿ ಇಳಿದು ಎಡ ಚಕ್ರದ ಬಳಿ ಕೈ ಹಿಡಿದೆ, ಬಲಕ್ಕೂ ಹಿಡಿದೆ. ಬೆಚ್ಚಗಿತ್ತು, ಎರಡೂ ಒಂದೇ ಸಮ.

ಮೇಷ್ಟ್ರು ಬಾನೆಟ್ ಎತ್ತಿಸಿದರು. ಜೇಬಿನಿಂದ ಒಂದು ಬಿಳಿ ಸ್ಟಿಕರ್ ತೆಗೆದು ಆಯಿಲ್ ಡಬ್ಬದ ಪಕ್ಕದ ತಗಡಿಗೆ ಅಂಟಿಸಿದರು. ಬೋರ್ಡಿನ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ ಬರೆದುಕೊಂಡೇ ಬಂದಿದ್ದರು: "ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದ್ದು. ತುಂಬಿಸಿದ್ದಲ್ಲ." ಅದರ ಕೆಳಗೆ ತಾರೀಖು, ಕಿಲೋಮೀಟರ್, ಎರಡು ವರ್ಷ ಮುಂದಿನ ಇನ್ನೊಂದು ತಾರೀಖು.